ಸವಳು ನೀರಿನ ಊರಾಗ ಸಮುದ್ರದ ಮೀನು

ಉಪ್ಪು ನೀರು ಅಂದರೆ ನಮ್ಮ ಕಡೆಯವರಿಗೆ ಹೊಸದೇನಲ್ಲ. ಯಾರಾದರೂ ಬೋರ್ ಹೊಡೆಸಿದರೆ ಮೊದಲನೇ ಪ್ರಶ್ನೆ "ನೀರು ಬಿದ್ದಾವೇನು?" ಅಂತ. ಎರಡನೆಯದು "ಸೀ ಅದಾವೋ, ಸವಳೋ?" ಅಂತ. ಡೋಣಿ ನದಿಯಂತೂ ಉಪ್ಪಿಗೇ ಹೆಸರುವಾಸಿ. ಬಸವನ ಬಾಗೇವಾಡಿ, ಮುದ್ದೇಬಿಹಾಳದ ಸೀಮೆ ದಾಟಿ, ತಾಳಿಕೋಟೆ ಮುಟ್ಟಿ ಕೃಷ್ಣೆಗೆ ಸೇರುವ ಆ ನದಿಯ ನೀರನ್ನು ಬಾಯಿಗೆ ಹಾಕಿಕೊಂಡವರು ಎರಡನೇ ಸಲ ಹಾಕಿಕೊಳ್ಳುವುದಿಲ್ಲ. ಆದರೂ "ಡೋಣಿ ಬೆಳೆದರೆ ಓಣಿಯೆಲ್ಲಾ ಜೋಳ" ಅನ್ನುವುದು ನಮ್ಮ ಗಾದೆ. ನೀರು ಉಪ್ಪಾದರೂ ದಂಡೆಯ ಎರೆ ಭೂಮಿ ಕೈ ಬಿಡುವುದಿಲ್ಲ.

ಹಿಂಗಿರುವಾಗ ಇಂಡಿಯಂಥ ಊರಿನಲ್ಲಿ ರೊಕ್ಕ ಕೊಟ್ಟು ಉಪ್ಪು ತರಿಸಿ, ಸೀ ನೀರಿಗೆ ಹಾಕಿ ಕಲಸಿ, ಅದರಲ್ಲಿ ಸಮುದ್ರದ ಮೀನು ಸಾಕುತ್ತೇನೆ ಅಂದರೆ ಜನ ನಗದೇ ಇರುತ್ತಾರೆಯೇ? "ಅಲ್ಲೋ ತಮ್ಮಾ, ನಮ್ಮ ಬೋರಿನ ನೀರು ಹಾಕಿದ್ರ ಉಪ್ಪಿನ ಖರ್ಚರ ಉಳೀತಿತ್ತಲ್ಲೋ" ಅಂತ ನಮ್ಮ ಓಣಿಯ ಹಿರಿಯರೊಬ್ಬರು ಗಂಭೀರವಾಗಿಯೇ ಸಲಹೆ ಕೊಟ್ಟರು.

ಆ ಮಾತಿಗೆ ಉತ್ತರ ಕೊಡಬೇಕಾದರೆ ಸ್ವಲ್ಪ ಲೆಕ್ಕ ಬೇಕು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನಾವು ಬಾಯಿಗಿಟ್ಟು ಥೂ ಅಂತ ಉಗುಳುವ ಸವಳು ನೀರಿನಲ್ಲಿ ಎರಡೋ ಮೂರೋ ಗ್ರಾಂ ಇದ್ದರೆ ಹೆಚ್ಚು. ಅಷ್ಟೇ ಅಲ್ಲ, ಎರಡೂ ಉಪ್ಪು ಒಂದೇ ಅಲ್ಲ. ಸಮುದ್ರದ ಉಪ್ಪಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ನಾವು ಊಟಕ್ಕೆ ಹಾಕಿಕೊಳ್ಳುವ ಉಪ್ಪೇ. ಉಳಿದದ್ದು ಸಲ್ಫೇಟ್, ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ. ಲೀಟರಿಗೆ ಮೆಗ್ನೀಷಿಯಂ 1300 ಮಿಲಿಗ್ರಾಂ ಹತ್ತಿರ, ಕ್ಯಾಲ್ಸಿಯಂ 400ರ ಹತ್ತಿರ. ಈ ಪ್ರಮಾಣ ಪ್ರಪಂಚದ ಯಾವ ಸಮುದ್ರಕ್ಕೆ ಹೋದರೂ ಹೆಚ್ಚೂಕಡಿಮೆ ಅದೇ. ನಮ್ಮ ಬೋರಿನ ನೀರು ಹಂಗಲ್ಲ. ಒಂದು ಹೊಲದ್ದು ಒಂದು ರುಚಿ, ಬದುವಿನಾಚೆಯದ್ದು ಇನ್ನೊಂದು. ಅದರಲ್ಲಿ ಹೊಲದ ಗೊಬ್ಬರದ ನೈಟ್ರೇಟೂ ಇರಬಹುದು, ಕಲ್ಲಿನ ಸಿಲಿಕಾವೂ ಇರಬಹುದು. ಈ ಎರಡೂ ಟ್ಯಾಂಕಿಗೆ ಬಿದ್ದರೆ ಮೀನಿಗಿಂತ ಮೊದಲು ಪಾಚಿ ಬೆಳೆಯುತ್ತದೆ.

ನಮ್ಮ ನಾಲ್ಕು ತಾಲ್ಲೂಕು ಸೇರಿ ಈ ಹುಚ್ಚು ಹಚ್ಚಿಕೊಂಡವರು ನನಗೆ ಗೊತ್ತಿರುವಂತೆ ನಾಲ್ವರು. ಇಂಡಿಯಲ್ಲಿ ನಾನು. ಸಿಂದಗಿಯಲ್ಲಿ ಒಬ್ಬರು ಮೇಷ್ಟ್ರು. ಮುದ್ದೇಬಿಹಾಳದಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗ. ಬಸವನ ಬಾಗೇವಾಡಿಯಲ್ಲಿ ಒಬ್ಬರು ಔಷಧ ಅಂಗಡಿಯವರು. ಉಪ್ಪಿನ ದೊಡ್ಡ ಬಕೆಟ್ ಒಂದನ್ನೇ ತರಿಸಿ ನಾಲ್ಕು ಪಾಲು ಮಾಡಿಕೊಳ್ಳುತ್ತೇವೆ. ಬಾಗೇವಾಡಿಯವರ ತಕ್ಕಡಿ ಭಾಳ ಕರಾರುವಾಕ್ಕು, ಹಾಗಾಗಿ ಪಾಲು ಮಾಡುವ ಕೆಲಸ ಅವರದು. ನನ್ನ ಟ್ಯಾಂಕು ಮೂರು ಫೂಟು ಉದ್ದ, ಒಂದೂವರೆ ಫೂಟು ಅಗಲ, ಒಂದೂವರೆ ಫೂಟು ಎತ್ತರ. ಲೆಕ್ಕಕ್ಕೆ 190 ಲೀಟರ್. ಕಲ್ಲು, ಮರಳು ಕಳೆದರೆ ಇನ್ನೂ ಕಡಿಮೆ. ಅದಕ್ಕೆ ಹಿಡಿದ ಉಪ್ಪು ಸುಮಾರು ಆರು ಕಿಲೋ.

ಇನ್ನು ಮೀನಿನ ವಿಷಯ. ಸಮುದ್ರದ ಟ್ಯಾಂಕು ಅಂದಕೂಡಲೇ ಎಲ್ಲರಿಗೂ ನೆನಪಾಗುವುದು ಸಿನಿಮಾದಲ್ಲಿ ನೋಡಿದ ಕಿತ್ತಳೆ ಬಣ್ಣದ ಕ್ಲೌನ್ ಮೀನು. ನನಗೆ ಬೇಕಾಗಿದ್ದು ಅದಲ್ಲ, ಗುಂಪು. ನಮ್ಮ ಭಾವಿಯೊಳಗೆ ಹುಡುಗರಿದ್ದಾಗ ಇಣುಕಿದರೆ ಬೆರಳುದ್ದದ ಮೀನುಗಳು ಒಂದೇ ಸಲಕ್ಕೆ ಹೊರಳಿ ಮಿಂಚುತ್ತಿದ್ದವಲ್ಲ, ಅಂಥದ್ದು. ಯಾರೂ ಹೇಳದೆ, ಯಾರೂ ಮುಂದಾಳಾಗದೆ ಎಲ್ಲವೂ ಒಟ್ಟಿಗೆ ತಿರುಗುವುದು ಹೇಗೆ ಅನ್ನುವುದು ಆಗ ಪವಾಡ. ಈಗ ಕಾರಣ ಗೊತ್ತಿದೆ. ಮೀನಿನ ಎರಡೂ ಪಕ್ಕದಲ್ಲಿ ತಲೆಯಿಂದ ಬಾಲದವರೆಗೆ ಒಂದು ಸೂಕ್ಷ್ಮ ಗೆರೆ ಇರುತ್ತದೆ. ಪಕ್ಕದ ಮೀನು ಅಲುಗಾಡಿದರೆ ನೀರಿನಲ್ಲಾಗುವ ಒತ್ತಡದ ಬದಲಾವಣೆ ಆ ಗೆರೆಗೆ ತಿಳಿಯುತ್ತದೆ. ಕಣ್ಣೂ ಅದಕ್ಕೆ ಜೊತೆಗೂಡುತ್ತದೆ. ಪ್ರತಿಯೊಂದು ಮೀನೂ ತನ್ನ ಅಕ್ಕಪಕ್ಕದವನ್ನಷ್ಟೇ ನೋಡಿಕೊಳ್ಳುತ್ತದೆ. ನಮಗೆ ಮಾತ್ರ ಇಡೀ ಗುಂಪಿಗೆ ಒಂದೇ ಬುದ್ಧಿ ಇದ್ದಂತೆ ಕಾಣುತ್ತದೆ.

ಸಿಂದಗಿಯ ಮೇಷ್ಟ್ರು ಒಂಬತ್ತು ಹಸಿರು ಕ್ರೋಮಿಸ್ ಬಿಟ್ಟಿದ್ದರು. ತಿಳಿ ಹಸಿರು, ಬೆಳಕು ಬಿದ್ದರೆ ನೀಲಿ. ಕೆಂಪು ಸಮುದ್ರದಿಂದ ಹಿಡಿದು ಪೆಸಿಫಿಕ್ ನಡುವಿನ ದ್ವೀಪಗಳವರೆಗೆ, ನಮ್ಮ ಲಕ್ಷದ್ವೀಪ, ಅಂಡಮಾನಿನಲ್ಲೂ ಸಿಗುವ ಮೀನು. ಕೊಂಬೆ ಕೊಂಬೆಯಾಗಿ ಬೆಳೆದ ಹವಳದ ಮೇಲೆ ಮೋಡದ ಹಾಗೆ ತೇಲುತ್ತಿರುತ್ತವೆ, ಅಪಾಯ ಕಂಡರೆ ಒಂದೇ ಉಸಿರಿಗೆ ಕೊಂಬೆಯೊಳಗೆ ಅಡಗುತ್ತವೆ. ಮಾರುವವರೆಲ್ಲ ಇದನ್ನು ಶಾಂತ ಸ್ವಭಾವದ ಗುಂಪು ಮೀನು ಅಂತಲೇ ಮಾರುತ್ತಾರೆ. ಮೇಷ್ಟ್ರ ಟ್ಯಾಂಕಿನಲ್ಲಿ ಮೊದಲ ತಿಂಗಳು ಕಣ್ಣಿಗೆ ಹಬ್ಬ. ಆಮೇಲೆ ಎಂಟಾದವು. ಹದಿನೈದು ದಿನ ಬಿಟ್ಟು ಏಳು. ನೀರು ಪರೀಕ್ಷಿಸಿದರೆ ಎಲ್ಲ ಸರಿ. ರೋಗದ ಗುರುತಿಲ್ಲ. ವರ್ಷ ತುಂಬುವಾಗ ಉಳಿದದ್ದು ಎರಡು.

ಇದು ಮೇಷ್ಟ್ರ ಒಬ್ಬರ ಕಥೆಯಲ್ಲ. ಕ್ರೋಮಿಸ್ ಸಾಕಿದವರಲ್ಲಿ ಬಹಳ ಜನರ ಅನುಭವ ಇದೇ. ಗುಂಪಿನೊಳಗೆ ಮೇಲು ಕೀಳು ಇರುತ್ತದೆ. ಬಲಿಷ್ಠ ಮೀನು ಕೆಳಗಿನದನ್ನು ಸಣ್ಣದಾಗಿ ಅಟ್ಟುತ್ತಲೇ ಇರುತ್ತದೆ, ಅದು ಉಣ್ಣುವುದನ್ನು ಬಿಡುತ್ತದೆ, ಸೊರಗುತ್ತದೆ, ಸಾಯುತ್ತದೆ. ಆಮೇಲೆ ಅದರ ಮೇಲಿನದರ ಪಾಳಿ. ಸಮುದ್ರದಲ್ಲಿ ಅಟ್ಟಿಸಿಕೊಂಡದ್ದು ದೂರ ಹೋಗಬಹುದು. ಅಲ್ಲಿ ನೂರಾರು ಮೀನುಗಳ ನಡುವೆ ಬೈಗುಳ ಹಂಚಿಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ತಿನ್ನಲು ಕಾದಿರುವ ದೊಡ್ಡ ಮೀನು ಸುತ್ತಲೂ ಇರುತ್ತದೆ. ಗುಂಪು ಕಟ್ಟಿಸುವುದು ಆ ಭಯ. ಗಾಜಿನ ಪೆಟ್ಟಿಗೆಯಲ್ಲಿ ಭಯ ಇಲ್ಲ, ಜಾಗವೂ ಇಲ್ಲ. "ವೈರಿ ಹೊರಗಿದ್ದರ ಅಣ್ಣತಮ್ಮರು, ವೈರಿ ಹೋದ ಮ್ಯಾಲೆ ಪಾಲುಗಾರರು" ಅಂತ ಮೇಷ್ಟ್ರು ನಕ್ಕರು. ಅವರ ಮನೆಯಲ್ಲಿ ಆಗ ಹೊಲದ ವಾಟ್ನಿ ನಡೆದಿತ್ತು ಅನ್ನುವುದು ನಮಗೆಲ್ಲ ಗೊತ್ತಿತ್ತು. ಹಾಗಾಗಿ ಯಾರೂ ಜೋರಾಗಿ ನಗಲಿಲ್ಲ.

ನಾನು ಆರಿಸಿದ್ದು ಪೈಜಾಮಾ ಕಾರ್ಡಿನಲ್. ಹೆಸರು ಕೇಳಿ ನಗಬೇಡಿ, ಮೀನು ನೋಡಿದರೆ ಹೆಸರು ಸರಿ ಅನ್ನುತ್ತೀರಿ. ಮುಂಭಾಗ ಹಳದಿ ಮಿಶ್ರಿತ ಹಸಿರು, ನಡುವಿಗೆ ಕಪ್ಪು ಪಟ್ಟಾ, ಹಿಂಭಾಗ ಬಿಳಿ ಬಟ್ಟೆಯ ಮೇಲೆ ಕೆಂಗಂದು ಚುಕ್ಕೆ. ಥೇಟ್ ರಾತ್ರಿ ಪೈಜಾಮ. ಹೆಬ್ಬೆರಳಿಗಿಂತ ತುಸು ದೊಡ್ಡದು. ಕಣ್ಣು ಕೆಂಪಗೆ, ದೊಡ್ಡದು, ಯಾಕೆಂದರೆ ಅದು ರಾತ್ರಿ ಮೇಯುವ ಮೀನು. ಹಗಲೆಲ್ಲ ಐದೂ ಕಲ್ಲಿನ ಮರೆಯಲ್ಲಿ ಒಂದರ ಮಗ್ಗುಲಿಗೆ ಒಂದು ನಿಂತಿರುತ್ತವೆ, ಕಟ್ಟೆಯ ಮೇಲೆ ಕೂತ ಹಿರಿಯರ ಹಾಗೆ. ಮಿಂಚುವುದಿಲ್ಲ, ಓಡುವುದಿಲ್ಲ. ಆದರೆ ಒಂದು ಸರಿದರೆ ನಾಲ್ಕೂ ಸರಿಯುತ್ತವೆ. ಜಗಳ ಇಲ್ಲವೇ ಇಲ್ಲ ಅನ್ನಲಾರೆ, ಕ್ರೋಮಿಸ್‌ಗೆ ಹೋಲಿಸಿದರೆ ಭಾಳ ಕಡಿಮೆ. ಈ ಜಾತಿಯಲ್ಲಿ ತತ್ತಿ ಕಾಯುವುದು ಗಂಡಸಿನ ಕೆಲಸ. ಬಾಯಲ್ಲಿ ತತ್ತಿ ತುಂಬಿಕೊಂಡು ಮರಿಯಾಗುವವರೆಗೆ ಉಪವಾಸ ಇರುತ್ತದೆ. ಇದನ್ನು ಕೇಳಿ ನಮ್ಮ ಅವ್ವ ಮೀನಿನ ಬಗ್ಗೆ ಮೊದಲ ಸಲ ಒಳ್ಳೆಯ ಮಾತಾಡಿದಳು. "ಒಂದರ ಗಂಡಸು ಹುಟ್ಟೇತಿ ನೋಡು ಜಗತ್ತಿನ್ಯಾಗ."

ನಮ್ಮದು ಶಾಕಾಹಾರಿ ಮನೆ. ಈ ಮೀನಿಗೆ ಶೀತಲೀಕರಿಸಿದ ಸಣ್ಣ ಸೀಗಡಿ ಇಷ್ಟ ಅಂತ ಎಲ್ಲರೂ ಹೇಳುತ್ತಾರೆ. ಹಾಲು, ಮೊಸರು, ನೈವೇದ್ಯದ ಹೋಳಿಗೆ ಇಡುವ ಫ್ರಿಜ್ಜಿನಲ್ಲಿ ಸೀಗಡಿ ಇಡುವ ಮಾತೇ ಇಲ್ಲ. ಒಣ ಗುಳಿಗೆಯ ಆಹಾರಕ್ಕೇ ಅವನ್ನು ಒಗ್ಗಿಸಿದೆವು. ಆ ಗುಳಿಗೆ ಏತರದ್ದು ಅಂತ ಅವ್ವ ಕೇಳಿಲ್ಲ, ನಾನು ಹೇಳಿಲ್ಲ.

ಮೀನು ಎಲ್ಲಿಂದ ಬಂದದ್ದು ಅನ್ನುವುದನ್ನು ಮಾತ್ರ ನಾವು ನಾಲ್ವರೂ ಕೇಳಿಯೇ ಕೊಳ್ಳುತ್ತೇವೆ. ಸಮುದ್ರದ ಅಲಂಕಾರಿಕ ಮೀನುಗಳಲ್ಲಿ ಬಹುಪಾಲು ಇಂದಿಗೂ ಸಮುದ್ರದಿಂದಲೇ ಹಿಡಿದವು. ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳಲ್ಲಿ ಹವಳದ ಸಂದಿಗೆ ಸಯನೈಡ್ ಚಿಮ್ಮಿಸಿ, ಮಂಪರು ಬಂದ ಮೀನು ಹಿಡಿಯುವ ಪದ್ಧತಿಯೂ ಇದೆ. ಮೀನು ಹೋದರೆ ಹೋಯಿತು, ಹವಳವೂ ಸಾಯುತ್ತದೆ. ಕಾರ್ಡಿನಲ್ ಕುಲದ್ದೇ ಇನ್ನೊಂದು ಚೆಂದದ ಮೀನು ಬಂಗ್ಗಾಯಿ. ಸುಲಾವೆಸಿ ಪಕ್ಕದ ಪುಟ್ಟ ದ್ವೀಪ ಸಮೂಹ ಬಿಟ್ಟರೆ ಅದಕ್ಕೆ ಬೇರೆ ತವರಿಲ್ಲ. ಟ್ಯಾಂಕಿನವರ ಆಸೆಗೆ ಅದನ್ನು ಎಷ್ಟು ಹಿಡಿದರೆಂದರೆ 2007ರಲ್ಲಿ ಅದು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿತು. ಸಮಾಧಾನದ ಮಾತೆಂದರೆ ಇವುಗಳಲ್ಲಿ ಕೆಲವನ್ನು ಈಗ ತೊಟ್ಟಿಯಲ್ಲೇ ಮರಿ ಮಾಡಿಸುತ್ತಾರೆ. ತಮಿಳುನಾಡಿನ ಮಂಡಪಂನಲ್ಲಿರುವ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮತ್ತು ಡ್ಯಾಮ್ಸೆಲ್ ಜಾತಿಯ ಹಲವು ಮೀನುಗಳ ಮರಿ ಮಾಡುವ ವಿಧಾನ ರೂಪಿಸಿದ್ದಾರೆ.

ಹವಳದ ಮಾತು ಬಂದದ್ದಕ್ಕೆ ಹೇಳುತ್ತೇನೆ, ನನ್ನ ಟ್ಯಾಂಕಿನಲ್ಲಿ ಹವಳ ಇಲ್ಲ. ದಿಬ್ಬ ಕಟ್ಟುವ ಹವಳಗಳು 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. ಹುಲಿ ಇರುವ ಪಟ್ಟಿ ಅದು. ನಮ್ಮ ಕಡಲಿನಿಂದ ಒಂದು ತುಂಡು ಮುರಿದು ತರುವುದೂ ಅಪರಾಧ. ಕರ್ನಾಟಕದವರು ಹವಳ ನೋಡಬೇಕಾದರೆ ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗಿ ಮುಳುಗಬೇಕು. ನನ್ನಲ್ಲಿರುವುದು ತಯಾರಿಸಿದ ಕಲ್ಲು. ಅದರ ಸಣ್ಣ ರಂಧ್ರಗಳಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡು, ಮೀನಿನ ಹೇಲುಚ್ಚೆಯ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ಮತ್ತೆ ನೈಟ್ರೇಟ್ ಮಾಡುತ್ತವೆ. ಈ ಸಂಸಾರ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿತನಕ ಬರೀ ನೀರು ತಿರುಗುವ ಟ್ಯಾಂಕು ನೋಡುತ್ತ ಕೂರಬೇಕು. ಬಂದವರು "ಮೀನು ಎಲ್ಲಿ ಅದಾವ್ರೀ?" ಅಂತ ಕೇಳಿದರೆ "ಬರ್ತಾವ್ರೀ" ಅನ್ನಬೇಕು.

ಅಂದ ಹಾಗೆ ಸಮುದ್ರ ನಮ್ಮ ಸೀಮೆಗೆ ಪೂರಾ ಪರಕೀಯ ಏನಲ್ಲ. ನಮ್ಮ ಮನೆಯ ನೆಲಕ್ಕೆ ಹಾಸಿದ ಪರಸಿ ಕಲ್ಲು ಭೀಮಾ ಕಣಿವೆಯ ಸುಣ್ಣದ ಕಲ್ಲು. ತಾಳಿಕೋಟೆಯ ಕಡೆಯೂ, ಶಹಾಬಾದದ ಕಡೆಯೂ ಸಿಗುವ ಆ ಕಲ್ಲು ಒಂದು ಕಾಲದ ಆಳವಿಲ್ಲದ ಸಮುದ್ರದ ತಳದಲ್ಲಿ ಕೆಸರು ಪದರ ಪದರವಾಗಿ ಕೂತು ಆದದ್ದು. ಮೀನು ಅನ್ನುವ ಜೀವವೇ ಇನ್ನೂ ಹುಟ್ಟದ ಕಾಲ ಅದು. ಈಗ ನಮಗೆ ಸಾಗರ ಅಂದರೆ ಆಲಮಟ್ಟಿಯ ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರ, ಇಲ್ಲವೇ ನಾರಾಯಣಪುರದ ಬಸವ ಸಾಗರ. ಎರಡೂ ಸೀ ನೀರು.

ಈ ಸೀ ನೀರೇ ನಿಜವಾದ ತಂಟೆ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮಲ್ಲಿ 42 ಡಿಗ್ರಿ ಅಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಮೀನಿಗೆ ಬೇಕಾದದ್ದು 25ರಿಂದ 27. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಉಪ್ಪು ನೀರಿನಲ್ಲಿ ಮೊದಲೇ ಕಡಿಮೆ. ಮೇಲೆ ಕರೆಂಟ್ ಹೋದರೆ ಪಂಪೂ ನಿಲ್ಲುತ್ತದೆ. ನೀರು ತಣಿಸುವ ಚಿಲ್ಲರ್ ಯಂತ್ರ ನನ್ನ ಟ್ಯಾಂಕಿಗಿಂತ ತುಟ್ಟಿ. ಮುದ್ದೇಬಿಹಾಳದ ಹುಡುಗ ಹಳೆಯ ಕಂಪ್ಯೂಟರಿನ ಎರಡು ಸಣ್ಣ ಫ್ಯಾನು ಬಿಚ್ಚಿ, ಬ್ಯಾಟರಿಗೆ ಜೋಡಿಸಿ, ನೀರಿನ ಮೇಲ್ಮೈಗೆ ಗಾಳಿ ತಾಗುವಂತೆ ಕಟ್ಟಿಕೊಟ್ಟ. ಅದು ನಮ್ಮ ಮನೆಯ ಮಣ್ಣಿನ ಹರವಿಯ ವಿದ್ಯೆಯೇ. ನೀರು ಆವಿಯಾಗಿ ಹೋಗುವಾಗ ಶಾಖವನ್ನೂ ಹೊತ್ತುಕೊಂಡು ಹೋಗುತ್ತದೆ. ಮಂಗಳೂರಿನ ಜಿಗುಟು ಹವೆಯಲ್ಲಿ ಇದು ಅಷ್ಟು ನಡೆಯುವುದಿಲ್ಲ. ನಮ್ಮ ಒಣ ಬ್ಯಾಸಗಿಯಲ್ಲಿ ಬರೋಬ್ಬರಿ ನಡೆಯುತ್ತದೆ. ಸಮುದ್ರದ ದಂಡೆಯವರಿಗಿಲ್ಲದ ಅನುಕೂಲ ನಮಗಿದೆ ಅಂತ ಆವತ್ತು ಭಾಳ ಹೆಮ್ಮೆಯಾಯಿತು.

ಆದರೆ ಆವಿಯಾಗಿ ಹೋಗುವುದು ಸೀ ನೀರು, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಹೋದಷ್ಟು ಸೀ ನೀರನ್ನು ದಿನಾ ತುಂಬಬೇಕು. ಬ್ಯಾಸಗಿಯಲ್ಲಿ ದಿನಕ್ಕೆ ನಾಲ್ಕು ಲೀಟರ್. ಅದೂ ಆರ್‌ಓ ಯಂತ್ರದಿಂದ ಸೋಸಿದ್ದು. ನಾಲ್ಕು ಲೀಟರ್ ಶುದ್ಧ ನೀರು ಬರಬೇಕಾದರೆ ಹನ್ನೆರಡು ಲೀಟರ್ ಹೊರಗೆ ಹೋಗುತ್ತದೆ. ಒಟ್ಟು ಹದಿನಾರು.

ಒಂದು ಬ್ಯಾಸಗಿ ಟ್ಯಾಂಕರ್ ಬರುವುದು ವಾರಕ್ಕೊಮ್ಮೆ ಆಯಿತು. ಲಿಂಬಿ ಬೆಳೆಗೆ ಹೆಸರಾದ ಊರು ನಮ್ಮದು. ಗಿಡ ಒಣಗಬಾರದು ಅಂತ ಸಾಲ ಮಾಡಿ ತೋಟಕ್ಕೆ ಟ್ಯಾಂಕರಿನಲ್ಲಿ ನೀರು ಹಾಕಿದ ರೈತರಿದ್ದಾರೆ. ಅಂಥ ದಿನಗಳಲ್ಲಿ ಅವ್ವ ಒಂದು ಸಂಜೆ ಟ್ಯಾಂಕಿನ ಮುಂದೆ ನಿಂತು ಕೇಳಿದಳು.

"ಇವಕ್ಕ ದಿನಾ ಎಷ್ಟು ನೀರು ಹಾಕ್ತಿ?"

ನಾನು ಲೆಕ್ಕ ಹೇಳಿದೆ. ಕೂಲರಿಗೆ ಮೂರು ಕೊಡ ಹೋಗುತ್ತದೆ, ಬಟ್ಟೆ ತೊಳೆಯುವ ಮಷಿನ್ನಿಗೆ ಎಷ್ಟು ಹೋಗುತ್ತದೆ, ಆರ್‌ಓ ಬಿಟ್ಟ ನೀರಿನಲ್ಲಿ ಭಾಂಡೆ ತಿಕ್ಕುತ್ತೇವೆ, ಹಾಳಾಗುವುದಿಲ್ಲ, ಹಿಂಗೆ.

"ಲೆಕ್ಕ ಬರೋಬ್ಬರಿ ಐತಿ," ಅಂದಳು. "ಹದಿನಾರು ಲೀಟರ್ ಅಂದ್ರ ಒಂದು ಕೊಡ. ನಾ ನಿನ್ನ ವಯಸ್ಸಿನ್ಯಾಗ ಒಂದು ಕೊಡ ನೀರಿಗೆ ಭಾವಿಗೆ ಒಂದು ಮೈಲು ಹೋಗಿ ಬರ್ತಿದ್ದೆ. ಅದಕ್ಕ ಕೇಳಿದೆ."

ಅಷ್ಟು ಹೇಳಿ ಒಳಗೆ ಹೋದಳು. ತೆಗೆದುಹಾಕು ಅನ್ನಲಿಲ್ಲ. ಅನ್ನದೇ ಇದ್ದುದರಿಂದಲೇ ಅದಕ್ಕೊಂದು ಉತ್ತರ ಹುಡುಕಬೇಕಾಯಿತು.

ಉತ್ತರ ಮಾಳಿಗೆಯ ಮೇಲೆ ಇತ್ತು. ನಮ್ಮ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಕಡಿಮೆಯೇ. ಆದರೆ ಹತ್ತು ಫೂಟು ಉದ್ದ, ಹತ್ತು ಫೂಟು ಅಗಲದ ಮಾಳಿಗೆಯ ಮೇಲೆ ಅಷ್ಟು ಮಳೆ ಬಿದ್ದರೆ 5000 ಲೀಟರಿಗೂ ಹೆಚ್ಚು. ನನ್ನ ಟ್ಯಾಂಕಿಗೆ ದಿನಾ ನಾಲ್ಕು ಲೀಟರ್ ಅಂದರೂ ವರ್ಷಕ್ಕೆ 1460. ಮಳೆ ನೀರಿನಲ್ಲಿ ಉಪ್ಪಿನಂಶ ಇಲ್ಲವೆಂದೇ ಹೇಳಬಹುದು, ಆರ್‌ಓ ಮಾಡುವ ಕೆಲಸವನ್ನು ಸೂರ್ಯನೇ ಪುಕ್ಕಟೆ ಮಾಡಿಕೊಟ್ಟಿರುತ್ತಾನೆ. ಮುಂಗಾರಿನ ಮೊದಲೆರಡು ಮಳೆಯಲ್ಲಿ ಮಾಳಿಗೆಯ ಧೂಳು, ಹಕ್ಕಿ ಹಿಕ್ಕೆ ತೊಳೆದು ಹೋಗಲಿ ಅಂತ ಬಿಟ್ಟೆವು. ಮೂರನೇ ಮಳೆಯಿಂದ ಪೈಪು ತಿರುಗಿಸಿ, ಬಟ್ಟೆ ಕಟ್ಟಿ ಸೋಸಿ, ಮುಚ್ಚಳ ಇರುವ ಪ್ಲಾಸ್ಟಿಕ್ ಬ್ಯಾರಲ್ಲುಗಳಿಗೆ ಹಿಡಿದೆವು. ಪೈಪಿನಲ್ಲಿ ತಾಮ್ರ, ಹಿತ್ತಾಳೆ ಇರದಂತೆ ನೋಡಿಕೊಂಡೆ, ಈ ಲೋಹಗಳು ಸಮುದ್ರದ ಸಣ್ಣ ಜೀವಿಗಳಿಗೆ ವಿಷ. ಹಿಂಗಾರು ಮುಗಿಯುವಾಗ ಎಂಟು ಬ್ಯಾರಲ್ ತುಂಬಿದ್ದವು. ಮೀನಿನ ಪಾಲಿನ ಕೊಡ ಅವ್ವನ ಲೆಕ್ಕದಿಂದ ಹೊರಗೆ ಬಂತು.

ಮುಚ್ಚಳವಿಲ್ಲದ ಹೌದದ ಕಥೆಯೇ ಬೇರೆ. ಅಲ್ಲಿ ಆಶಾ ಕಾರ್ಯಕರ್ತೆ ತಂದು ಬಿಟ್ಟ ಗಪ್ಪಿ ಮೀನುಗಳಿವೆ, ಸೊಳ್ಳೆಯ ಮರಿ ತಿನ್ನಲು. ದಕ್ಷಿಣ ಅಮೆರಿಕದ ಮೂಲದವು. ಫ್ಯಾನು ಬೇಡ, ಉಪ್ಪು ಬೇಡ, ಯಾರ ಉಪಚಾರವೂ ಬೇಡ. ಹತ್ತು ಬಿಟ್ಟದ್ದು ಈಗ ಎಣಿಸಲಾಗದಷ್ಟಾಗಿವೆ. ಗುಂಪು ಮೀನು ನೋಡುವ ಆಸೆಗೆ ಇಷ್ಟೇ ಸಾಕಲ್ಲವೇ ಅಂತ ನೀವು ಕೇಳಬಹುದು. ಸಾಕು. ಯಾರಾದರೂ ಹೊಸದಾಗಿ ಶುರು ಮಾಡುತ್ತೇನೆ ಅಂದರೆ ನಾನೂ ಅದನ್ನೇ ತೋರಿಸುತ್ತೇನೆ. ನನ್ನ ಐದು ಪೈಜಾಮದವರು ಬದುಕಿದಷ್ಟು ದಿನ ಚೆಂದಗೆ ಬದುಕಲಿ, ಆರನೆಯದನ್ನು ತರುವ ವಿಚಾರ ಇಲ್ಲ.

ಹೋದ ವರ್ಷ ಎದುರು ಮನೆಯವರು ಬಂದು, ಮಗ ಹಟ ಹಿಡಿದಾನ, ನಮಗೂ ಒಂದು ಸಮುದ್ರದ ಟ್ಯಾಂಕು ಮಾಡಿಕೊಡ್ರಿ ಅಂದರು. "ಮೊದಲು ಮಾಳಿಗಿ ನೀರು ಹಿಡೀರಿ. ಒಂದು ಮಳಿಗಾಲ ಕಳೀಲಿ. ಆಮ್ಯಾಲೆ ಮೀನು" ಅಂದೆ. ಹಿಡಿದರು. ನಾಲ್ಕು ಬ್ಯಾರಲ್ ತುಂಬಿತು. ಅಷ್ಟರಲ್ಲಿ ಅವರ ಮನೆಯವರು ಒಂದು ದಿನ ಆ ನೀರಿನಲ್ಲಿ ತೊಗರಿ ಬ್ಯಾಳಿ ಕುದಿಸಿ ನೋಡಿದ್ದಾರೆ. ಬೋರಿನ ಗಡಸು ನೀರಿನಲ್ಲಿ ಎಷ್ಟು ಕುದಿಸಿದರೂ ಕಲ್ಲಿನ ಹಾಗೆ ಕೂರುವ ಬ್ಯಾಳಿ ಬೆಣ್ಣೆಯ ಹಾಗೆ ಕರಗಿತಂತೆ. ಟ್ಯಾಂಕಿನ ಮಾತು ಅಲ್ಲಿಗೆ ನಿಂತಿತು. ಈ ವರ್ಷ ಅವರು ಇನ್ನೂ ನಾಲ್ಕು ಬ್ಯಾರಲ್ ತಂದಿದ್ದಾರೆ, ಹುಡುಗ ನಮ್ಮ ಮನೆಗೆ ಬಂದು ಮೀನು ನೋಡಿಕೊಂಡು ಹೋಗುತ್ತಾನೆ. ಸುದ್ದಿ ಅವ್ವನ ಕಿವಿಗೂ ಬಿದ್ದಿದೆ. ಮೊನ್ನೆ ನನ್ನ ಬ್ಯಾರಲ್ಲಿನ ಮಟ್ಟ ನೋಡಿದರೆ ನಾಲ್ಕು ಬೆರಳು ಇಳಿದಿತ್ತು. ಆ ರಾತ್ರಿಯ ಬ್ಯಾಳಿ ಭಾಳ ರುಚಿಯಾಗಿತ್ತು.